ವಪೆ ಹರಿದಿರಬಹುದೇ? ಎಕ್ಸ್‌ರೇಯಿಂದ ಆಪರೇಷನ್‌ವರೆಗಿನ ಆಯ್ಕೆಗಳು, ಕೊಡಗಿನವರಿಗಾಗಿ

ಕರಿಮೆಣಸು ಕೊಯ್ಯುವಾಗ ಏಣಿಯಿಂದ ಬಿದ್ದವರನ್ನು ಆಸ್ಪತ್ರೆಗೆ ಕರೆದೊಯ್ದರೆ ಮೊದಲು ಎದೆಯ ಎಕ್ಸ್‌ರೇ ತೆಗೆಯುತ್ತಾರೆ. ಒಂದೆರಡು ಪಕ್ಕೆಲುಬು ಬಿರುಕು ಬಿಟ್ಟಿವೆ, ಶ್ವಾಸಕೋಶಕ್ಕೆ ಏನೂ ಆಗಿಲ್ಲ, ನೋವಿನ ಮಾತ್ರೆ ನುಂಗಿ ಕೆಲವು ವಾರ ಭಾರ ಎತ್ತದೆ ಇರಿ ಎಂದು ಕಳುಹಿಸುತ್ತಾರೆ. ಬಹುಪಾಲು ಜನರಿಗೆ ಅದು ಸರಿಯಾದ ಸಲಹೆಯೇ. ಆದರೆ ಬಿದ್ದವರಲ್ಲಿ ಕೆಲವರಿಗೆ ಎದೆ ಮತ್ತು ಹೊಟ್ಟೆಯ ನಡುವಿನ ಸ್ನಾಯುವಿನ ಪರದೆ, ಅಂದರೆ ವಪೆ ಹರಿದಿರುತ್ತದೆ. ವೈದ್ಯರು ಡಯಾಫ್ರಮ್ ಎನ್ನುವುದು ಇದನ್ನೇ. ಆ ಹರುಕು ಮೊದಲ ದಿನದ ಎಕ್ಸ್‌ರೇಯಲ್ಲಿ ಕಾಣದೇ ಹೋಗುವ ಸಾಧ್ಯತೆ, ಕಾಣುವ ಸಾಧ್ಯತೆಗಿಂತ ಕಡಿಮೆಯೇನಲ್ಲ.

ಹಾಗಾದರೆ ಯಾವ ಪರೀಕ್ಷೆಯನ್ನು ನಂಬಬೇಕು, ಯಾವಾಗ ಮುಂದಿನ ಪರೀಕ್ಷೆಗೆ ಒತ್ತಾಯಿಸಬೇಕು, ಹರಿದಿದೆ ಎಂದು ತಿಳಿದ ಮೇಲೆ ಯಾವ ದಾರಿಯಿಂದ ಹೊಲಿಸಬೇಕು? ಉತ್ತರ ಎಲ್ಲರಿಗೂ ಒಂದೇ ಅಲ್ಲ. ಏಟು ಮೊಂಡಾದದ್ದೋ ಚೂಪಾದದ್ದೋ, ಎಡಕ್ಕೋ ಬಲಕ್ಕೋ, ಆಗಿ ಗಂಟೆಗಳಾದವೋ ವರ್ಷಗಳಾದವೋ ಎಂಬುದರ ಮೇಲೆ ಆಯ್ಕೆ ಬದಲಾಗುತ್ತದೆ. ಗಾಯಾಳುವಿನ ಜೊತೆಗೆ ಹೋಗುವ ಮನೆಯವರು, ತೋಟದ ಮಾಲೀಕರು, ರೈಟರುಗಳು ವೈದ್ಯರೊಂದಿಗೆ ಮಾತನಾಡಲು ತಿಳಿದಿರಬೇಕಾದಷ್ಟನ್ನು ಇಲ್ಲಿ ಹೇಳಿದ್ದೇನೆ. ತೀರ್ಮಾನ ವೈದ್ಯರದ್ದೇ. ಆದರೆ ಸರಿಯಾದ ಪ್ರಶ್ನೆ ಕೇಳುವವರು ಜೊತೆಗಿದ್ದರೆ ತೀರ್ಮಾನವೂ ಬೇಗ ಆಗುತ್ತದೆ.

ಗಾಯ ಅಡಗಿ ಕೂರುವುದೇಕೆ

ವಪೆ ಗುಮ್ಮಟದಂತೆ ಮೇಲಕ್ಕೆ ಬಾಗಿರುವ ತೆಳು ಸ್ನಾಯು. ಉಸಿರು ಪೂರ್ತಿ ಹೊರಬಿಟ್ಟಾಗ ಅದು ಮೊಲೆತೊಟ್ಟಿನ ಮಟ್ಟದವರೆಗೂ ಏರುತ್ತದೆ, ಎಳೆದುಕೊಂಡಾಗ ಕೆಳಗಿಳಿಯುತ್ತದೆ. ಆದ್ದರಿಂದ ಮೊಲೆತೊಟ್ಟಿನ ಮಟ್ಟದಿಂದ ಪಕ್ಕೆಲುಬಿನ ಕೆಳ ಅಂಚಿನವರೆಗೆ ಎಲ್ಲಿ ಇರಿತ ಬಿದ್ದರೂ ಅದನ್ನು ಎದೆಯ ಗಾಯ ಎಂದಷ್ಟೇ ಬರೆದು ಮುಗಿಸುವಂತಿಲ್ಲ. ಅದೇ ಇರಿತ ವಪೆಯನ್ನೂ ಅದರ ಕೆಳಗಿನ ಗುಲ್ಮ, ಜಠರ, ಯಕೃತ್ತುಗಳನ್ನೂ ತಲುಪಿರಬಹುದು. ಬೆನ್ನಿನ ಕಡೆ ಈ ಅಪಾಯದ ವಲಯ ಹೆಗಲ ಹಲಗೆಯ ಕೆಳತುದಿಯಿಂದ ಆರಂಭವಾಗುತ್ತದೆ.

ಚರ್ಮದ ಗಾಯ ತಾನಾಗಿ ಕೂಡಿಕೊಳ್ಳುತ್ತದೆ, ಮೂಳೆ ಕೂಡಿಕೊಳ್ಳುತ್ತದೆ, ಗುಲ್ಮದ ಸಣ್ಣ ಬಿರುಕು ಕೂಡ ಕೂಡಿಕೊಳ್ಳುವುದುಂಟು. ವಪೆ ಹಾಗಲ್ಲ. ಅದು ನಿಮಿಷಕ್ಕೆ ಹದಿನೈದು ಇಪ್ಪತ್ತು ಸಲ ಅಲುಗಾಡುತ್ತಲೇ ಇರುವುದರಿಂದ ಹರಿದ ಅಂಚುಗಳು ಒಂದನ್ನೊಂದು ಸೇರುವುದು ಕಷ್ಟ. ಮೇಲಾಗಿ ಹೊಟ್ಟೆಯೊಳಗಿನ ಒತ್ತಡ ಹೆಚ್ಚು, ಎದೆಯೊಳಗಿನದು ಕಡಿಮೆ. ಸಾಮಾನ್ಯ ಉಸಿರಾಟದಲ್ಲಿ ಈ ವ್ಯತ್ಯಾಸ 7ರಿಂದ 20 ಸೆಂಟಿಮೀಟರ್ ನೀರಿನ ಒತ್ತಡದಷ್ಟಿದ್ದರೆ, ಜೋರಾಗಿ ಉಸಿರೆಳೆದಾಗ 100ರವರೆಗೂ ಹೋಗುತ್ತದೆ. ಹೀಗಾಗಿ ಸಣ್ಣ ತೂತಿನ ಮೂಲಕವೂ ಹೊಟ್ಟೆಯ ಕೊಬ್ಬಿನ ಪದರ, ಆಮೇಲೆ ಜಠರ ಅಥವಾ ದೊಡ್ಡ ಕರುಳು ನಿಧಾನವಾಗಿ ಎದೆಗೂಡಿನೊಳಗೆ ಸೇದಿಕೊಳ್ಳುತ್ತವೆ. ಇದು ನಡೆಯಲು ಕೆಲವರಿಗೆ ಕ್ಷಣ ಸಾಕು, ಕೆಲವರಿಗೆ ಹತ್ತು ವರ್ಷ ಹಿಡಿಯುತ್ತದೆ. ಸಿಕ್ಕಿಕೊಂಡ ಕರುಳಿಗೆ ರಕ್ತ ಸಂಚಾರ ನಿಂತರೆ ಅದು ಕೊಳೆಯುತ್ತದೆ.

ಇದು ಹೊಸ ತಿಳಿವಳಿಕೆಯೇನಲ್ಲ. ಫ್ರಾನ್ಸಿನ ಶಸ್ತ್ರವೈದ್ಯ ಅಂಬ್ರುವಾಸ್ ಪಾರೆ 1579ರಲ್ಲೇ ಒಬ್ಬ ಫಿರಂಗಿ ದಳದ ನಾಯಕನ ಪ್ರಕರಣವನ್ನು ಬರೆದಿಟ್ಟಿದ್ದಾನೆ. ಗುಂಡೇಟಿನಿಂದ ಬದುಕುಳಿದ ಆತ ಎಂಟು ತಿಂಗಳ ನಂತರ ಹೊಟ್ಟೆನೋವಿನಿಂದ ಸತ್ತ. ಶವವನ್ನು ಸೀಳಿ ನೋಡಿದಾಗ ವಪೆಯಲ್ಲಿ ಕಿರುಬೆರಳ ತುದಿ ಹೋಗುವಷ್ಟು ತೂತು, ಅದರೊಳಗೆ ಸಿಕ್ಕಿ ಕೊಳೆತ ದೊಡ್ಡ ಕರುಳು. ಬದುಕಿರುವಾಗಲೇ ಇಂಥ ಗಾಯವನ್ನು ಗುರುತಿಸಲು 1853ರವರೆಗೆ ಕಾಯಬೇಕಾಯಿತು. ಯಶಸ್ವಿಯಾಗಿ ಹೊಲಿದದ್ದು 1886ರಲ್ಲಿ, ಇಟಲಿಯ ರಿಯೋಲ್ಫಿ.

ಮೊದಲ ಪ್ರಶ್ನೆ: ಏಟು ಯಾವ ಬಗೆಯದು

ಕೊಡಗಿನಲ್ಲಿ ವಪೆಗೆ ಪೆಟ್ಟಾಗುವ ಸಂದರ್ಭಗಳನ್ನು ಊಹಿಸುವುದು ಕಷ್ಟವಲ್ಲ. ಸಿಲ್ವರ್ ಓಕ್ ಮರಕ್ಕೆ ಹಬ್ಬಿದ ಮೆಣಸಿನ ಬಳ್ಳಿಯಿಂದ ಕೊಯ್ಲು ಮಾಡುವಾಗ, ಮಳೆಗಾಲಕ್ಕೆ ಮೊದಲು ಮರ ಕಪಾತು ಮಾಡುವಾಗ ಎತ್ತರದಿಂದ ಬೀಳುವುದು. ಕಾಫಿ ಕೊಯ್ಲಿನ ದಿನಗಳಲ್ಲಿ ಕಾರ್ಮಿಕರನ್ನು ತುಂಬಿಕೊಂಡ ಜೀಪು, ಪಿಕಪ್ ತಿರುವಿನಲ್ಲಿ ಮಗುಚುವುದು. ಮಂಜಿನಲ್ಲಿ ಬೈಕ್ ಅಪಘಾತ. ತೋಟಕ್ಕೆ ನುಗ್ಗಿದ ಆನೆ ತುಳಿಯುವುದು. ಇವೆಲ್ಲ ಮೊಂಡು ಏಟುಗಳು. ಹೊಟ್ಟೆ ಒಮ್ಮೆಲೇ ಅದುಮಿಕೊಂಡಾಗ ಒಳಗಿನ ಒತ್ತಡ ಏರಿ ವಪೆ ಸಿಡಿಯುತ್ತದೆ. ಹರುಕು ದೊಡ್ಡದಿರುತ್ತದೆ, ಐದು, ಹತ್ತು ಸೆಂಟಿಮೀಟರ್ ಅಥವಾ ಅದಕ್ಕೂ ಹೆಚ್ಚು. ವಾಹನಕ್ಕೆ ಮುಂದಿನಿಂದ ಗುದ್ದಿದಾಗ ಇರುವುದಕ್ಕಿಂತ ಪಕ್ಕದಿಂದ ಗುದ್ದಿದಾಗ ವಪೆ ಹರಿಯುವ ಸಂಭವ ಹೆಚ್ಚು. ಆದ್ದರಿಂದ ಅಪಘಾತ ಹೇಗಾಯಿತು ಎಂಬ ವಿವರವನ್ನು ವೈದ್ಯರಿಗೆ ಹೇಳಲೇಬೇಕು.

ಇನ್ನೊಂದು ಬಗೆ ಚೂಪು ಗಾಯ: ಕತ್ತಿಯ ಇರಿತ, ಕಾಡುಹಂದಿಯ ಕೋರೆ, ದನದ ಕೊಂಬು, ಕೋವಿಯ ಗುಂಡು. ಇಲ್ಲಿ ಕೋವಿ ಮನೆಮನೆಯ ವಸ್ತು. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಪರವಾನಗಿಯಿಂದ ವಿನಾಯಿತಿ ಇದೆ. ಕೈಲ್‌ಪೋಳ್ದ್ ಹಬ್ಬದಲ್ಲಿ ಅದಕ್ಕೆ ಪೂಜೆಯೂ ಆಗುತ್ತದೆ. ಅಚಾತುರ್ಯದಿಂದ ಸಿಡಿದ ಗುಂಡಿನ ಗಾಯ ಇಲ್ಲಿನ ತುರ್ತು ಚಿಕಿತ್ಸಾ ಘಟಕಗಳಿಗೆ ಅಪರಿಚಿತವಲ್ಲ. ಚೂಪು ಗಾಯದಲ್ಲಿ ವಪೆಯ ತೂತು ಒಂದೆರಡು ಸೆಂಟಿಮೀಟರಿನಷ್ಟೇ. ಗಾಯಾಳು ಎದ್ದು ಕುಳಿತು ಮಾತನಾಡುತ್ತಿರುತ್ತಾನೆ. ಪತ್ತೆಗೆ ಹೆಚ್ಚು ಕಷ್ಟ ಕೊಡುವುದು ಇದೇ ಸಣ್ಣ ತೂತು.

ಇರಿತ, ಗುಂಡೇಟು ಎಂದರೆ ಪೊಲೀಸ್ ಪ್ರಕರಣವಾಗುತ್ತದೆ ಎಂದು ಹೆದರಿ 'ಬೇಲಿ ಚುಚ್ಚಿತು' ಎಂದು ಹೇಳುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ಬೇಲಿಯ ಮುಳ್ಳು ಚುಚ್ಚಿದ್ದಕ್ಕೆ ಮಾಡುವ ಪರೀಕ್ಷೆಯೇ ಬೇರೆ, ಅರ್ಧ ಅಡಿಯ ಕತ್ತಿಗೆ ಮಾಡುವುದೇ ಬೇರೆ. ಮೊದಲು ಚಿಕಿತ್ಸೆ, ಪೊಲೀಸ್ ವಿಧಿವಿಧಾನ ಆಮೇಲೆ ಎಂದು ಪರಮಾನಂದ ಕಟಾರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1989ರಲ್ಲೇ ಸ್ಪಷ್ಟಪಡಿಸಿದೆ.

ಎಡ ಬಲಗಳ ವ್ಯತ್ಯಾಸವೂ ಮುಖ್ಯ. ಬಲಗಡೆ ವಪೆಯ ಕೆಳಗೆ ಯಕೃತ್ತು ಒತ್ತಿಕೊಂಡಿರುತ್ತದೆ. ಏಟಿನ ರಭಸವನ್ನು ಅದು ತಾನು ತೆಗೆದುಕೊಳ್ಳುತ್ತದೆ, ತೂತಾದರೆ ಅದನ್ನು ಮುಚ್ಚಿಯೂ ಇರುತ್ತದೆ. ಎಡಗಡೆ ಅಂಥ ಕಾವಲಿಲ್ಲ. ಮೊಂಡು ಏಟಿನಲ್ಲಿ ಪತ್ತೆಯಾಗುವ ಹರುಕುಗಳಲ್ಲಿ ಸುಮಾರು ಮುಕ್ಕಾಲು ಪಾಲು ಎಡಗಡೆಯವು. ಬಲಗಡೆ ಹರಿದಿದೆ ಎಂದರೆ ಏಟು ಬಹಳ ಬಲವಾದದ್ದು ಎಂದೇ ತಿಳಿಯಬೇಕು. ಅಂಥವರಿಗೆ ಯಕೃತ್ತು, ಸೊಂಟದ ಮೂಳೆ, ಮಹಾಪಧಮನಿಗೂ ಪೆಟ್ಟಾಗಿರುವುದು ಸಾಮಾನ್ಯ.

ಪರೀಕ್ಷೆಗಳ ನಡುವೆ

ಎದೆಯ ಎಕ್ಸ್‌ರೇ ಎಲ್ಲಿಯೂ ಸಿಗುತ್ತದೆ, ಅಗ್ಗ, ಎರಡು ನಿಮಿಷದ ಕೆಲಸ. ಎಡಗಡೆ ಎದೆಯಲ್ಲಿ ಜಠರದ ಗಾಳಿಯ ಗುಳ್ಳೆ ಕಂಡರೆ, ಅಥವಾ ಮೂಗಿನಿಂದ ಜಠರಕ್ಕೆ ಇಳಿಸಿದ ರೈಲ್ಸ್ ಟ್ಯೂಬ್ ಎದೆಯೊಳಗೆ ಸುರುಳಿ ಸುತ್ತಿಕೊಂಡಿದ್ದರೆ, ಬೇರೆ ಪುರಾವೆ ಬೇಕಿಲ್ಲ. ಆದರೆ ಎಡಗಡೆಯ ಹರುಕನ್ನು ಮೊದಲ ಎಕ್ಸ್‌ರೇ ಹಿಡಿಯುವುದು ಅಧ್ಯಯನದಿಂದ ಅಧ್ಯಯನಕ್ಕೆ ಶೇ 27ರಿಂದ 62ರವರೆಗೆ. ಬಲಗಡೆಯಾದರೆ ಇನ್ನೂ ಕಡಿಮೆ, ಮೂರರಲ್ಲಿ ಒಂದೂ ಸಿಕ್ಕುವುದು ಕಷ್ಟ. ಎಕ್ಸ್‌ರೇಯಲ್ಲಿ ಕಂಡರೆ ನಂಬಿ, ಕಾಣದಿದ್ದರೆ ಅದರಿಂದ ಏನನ್ನೂ ತೀರ್ಮಾನಿಸಬೇಡಿ. ಎಡಗಡೆ ವಪೆಯ ಗೆರೆ ಮಸುಕಾಗಿದೆ, ಮೇಲೆದ್ದಿದೆ, ಕೆಳಗಿನ ಪಕ್ಕೆಲುಬುಗಳು ಮುರಿದಿವೆ ಎಂಬ ಒಂದು ಸಾಲು ವರದಿಯಲ್ಲಿದ್ದರೂ ಮುಂದಿನ ಪರೀಕ್ಷೆ ಕೇಳಲು ಅದು ಸಾಕಾದ ಕಾರಣ.

ಇಲ್ಲೊಂದು ಸೂಕ್ಷ್ಮವಿದೆ. ವೆಂಟಿಲೇಟರ್ ಮೇಲಿರುವ ಗಾಯಾಳುವಿನ ಎದೆಯೊಳಗೆ ಯಂತ್ರವೇ ಗಾಳಿಯನ್ನು ಒತ್ತಿ ತುಂಬುತ್ತಿರುತ್ತದೆ. ಹಾಗಾಗಿ ಹೊಟ್ಟೆಯ ಅಂಗಗಳು ಮೇಲೇರುವುದಿಲ್ಲ, ಚಿತ್ರ ಚೆನ್ನಾಗಿಯೇ ಕಾಣುತ್ತದೆ. ಯಂತ್ರ ತೆಗೆದು ತಾನಾಗಿ ಉಸಿರಾಡತೊಡಗಿದ ಮೇಲೆ ಜಠರ ಮೇಲಕ್ಕೆ ನುಗ್ಗುತ್ತದೆ. ಆದ್ದರಿಂದ ವೆಂಟಿಲೇಟರ್ ತೆಗೆದ ನಂತರ ಇನ್ನೊಂದು ಎಕ್ಸ್‌ರೇ ಆಯಿತೇ ಎಂದು ಕೇಳುವುದು ಮನೆಯವರಿಗೆ ಮುಜುಗರದ ಪ್ರಶ್ನೆಯಾಗಬಾರದು.

ಹಾಸಿಗೆಯ ಪಕ್ಕದಲ್ಲೇ ಮಾಡುವ ಅಲ್ಟ್ರಾಸೌಂಡ್ ಸ್ಕ್ಯಾನ್‌ನ ಕೆಲಸ ಬೇರೆ. ಹೊಟ್ಟೆಯಲ್ಲಿ, ಹೃದಯದ ಸುತ್ತ, ಎದೆಯಲ್ಲಿ ರಕ್ತ ತುಂಬಿದೆಯೇ ಎಂದು ಅದು ನಿಮಿಷಗಳಲ್ಲಿ ಹೇಳುತ್ತದೆ. ರಕ್ತದೊತ್ತಡ ಕುಸಿಯುತ್ತಿರುವವರಿಗೆ ಅದೇ ಬೇಕಾದದ್ದು. ಪಳಗಿದ ಕೈ ವಪೆಯ ಚಲನೆಯನ್ನೂ ನೋಡಬಲ್ಲದು. ಆದರೆ ಗಾಳಿ ಅಡ್ಡ ಬಂದರೆ ಅಲ್ಟ್ರಾಸೌಂಡಿಗೆ ಏನೂ ಕಾಣದು. ವಪೆ ಹರಿದಿಲ್ಲ ಎಂಬ ಪ್ರಮಾಣಪತ್ರವನ್ನು ಅದರಿಂದ ಕೇಳಬೇಡಿ.

ಸಿಟಿ ಸ್ಕ್ಯಾನ್ ಇವತ್ತಿನ ಮುಖ್ಯ ಆಯುಧ. ಮೊಂಡು ಏಟು ಬಿದ್ದು ರಕ್ತದೊತ್ತಡ ಸ್ಥಿರವಾಗಿರುವವರಿಗೆ ಎದೆ ಮತ್ತು ಹೊಟ್ಟೆ ಎರಡನ್ನೂ ಸೇರಿಸಿ, ರಕ್ತನಾಳಕ್ಕೆ ಕಾಂಟ್ರಾಸ್ಟ್, ಅಂದರೆ ಚಿತ್ರವನ್ನು ಸ್ಪಷ್ಟಗೊಳಿಸುವ ದ್ರವ ಕೊಟ್ಟು ಮಾಡುವ ಸಿಟಿಗೆ ಸಾಟಿಯಿಲ್ಲ. ತೆಳು ಪದರಗಳಲ್ಲಿ ತೆಗೆದ ಚಿತ್ರಗಳನ್ನು ಮುಂದಿನಿಂದಲೂ ಪಕ್ಕದಿಂದಲೂ ಮರುಜೋಡಿಸಿ ನೋಡಬೇಕು. ಅಡ್ಡ ಹೋಳುಗಳಲ್ಲಿ ಮಾತ್ರ ನೋಡಿದರೆ ಗುಮ್ಮಟದ ತುದಿಯ ಹರುಕು ತಪ್ಪಿಹೋಗುತ್ತದೆ. ರೇಡಿಯಾಲಜಿಸ್ಟ್‌ಗಳು ಹುಡುಕುವ ಗುರುತುಗಳಿವೆ: ತೂತಿನಲ್ಲಿ ತೂರಿದ ಜಠರ ಅಥವಾ ಕರುಳು ನಡುವೆ ಹಿಸುಕಿದಂತೆ ಕಾಣುವ 'ಕಾಲರ್' ಗುರುತು, ಅಂಗಾತ ಮಲಗಿದಾಗ ಆಧಾರ ತಪ್ಪಿದ ಜಠರ ಅಥವಾ ಯಕೃತ್ತು ಹಿಂದಿನ ಪಕ್ಕೆಲುಬುಗಳಿಗೆ ನೇರವಾಗಿ ಒರಗಿರುವುದು, ಹರಿದ ಅಂಚು ಒಳಮುಖವಾಗಿ ಜೋತಾಡುವುದು. ವೈದ್ಯರ ಚೀಟಿಯಲ್ಲಿ 'ವಪೆಯ ಗಾಯದ ಶಂಕೆ' ಎಂದು ಬರೆದಿದ್ದರೆ ರೇಡಿಯಾಲಜಿಸ್ಟ್ ಆ ಕಣ್ಣಿನಿಂದಲೇ ನೋಡುತ್ತಾರೆ. 'ಅಪಘಾತ, ಎದೆ ನೋವು' ಎಂದಷ್ಟೇ ಇದ್ದರೆ ನೋಡುವ ಕಣ್ಣು ಬೇರೆ. ಚೀಟಿಯ ಈ ಒಂದು ಸಾಲಿಗೆ ಯಂತ್ರದ ಬೆಲೆಯಷ್ಟೇ ಬೆಲೆಯಿದೆ ಎಂಬುದು ನನ್ನ ಮತ.

ಚೂಪು ಗಾಯದಲ್ಲಿ ಸಿಟಿಯ ಬಲ ಕುಗ್ಗುತ್ತದೆ. ಒಂದು ಸೆಂಟಿಮೀಟರಿನ ತೂತು, ಇನ್ನೂ ಯಾವ ಅಂಗವೂ ಅದರಲ್ಲಿ ತೂರಿಲ್ಲ ಎಂದಾದರೆ ಚಿತ್ರದಲ್ಲಿ ಕಾಣಲು ಏನೂ ಇರುವುದಿಲ್ಲ. ಇರಿತ ಸಾಗಿದ ದಾರಿಯನ್ನು ಗುರುತಿಸಿ, ಅದು ವಪೆಯನ್ನು ದಾಟಿರಬೇಕು ಎಂದು ಊಹಿಸಬಹುದು, ಅಷ್ಟೇ. ಎಡಗಡೆ ಕೆಳ ಎದೆಗೆ ಇರಿತವಾಗಿ, ಹೊರನೋಟಕ್ಕೆ ಏನೂ ಆಗದಂತಿರುವವರ ಒಳಗೆ ಕ್ಯಾಮೆರಾ ಹಾಕಿ ನೋಡಿದಾಗ ಸುಮಾರು ಕಾಲು ಭಾಗದವರಲ್ಲಿ ವಪೆ ತೂತಾಗಿದ್ದುದು ವೈದ್ಯಕೀಯ ಸಾಹಿತ್ಯದಲ್ಲಿ ದಾಖಲಾಗಿದೆ.

ಹೀಗಾಗಿ ಇಂಥವರಿಗೆ ಆಯ್ಕೆ ಲ್ಯಾಪರೊಸ್ಕೋಪಿ: ಹೊಟ್ಟೆಯಲ್ಲಿ ಸಣ್ಣ ತೂತು ಮಾಡಿ ಕ್ಯಾಮೆರಾ ಇಳಿಸಿ ವಪೆಯನ್ನು ಕಣ್ಣಾರೆ ನೋಡುವುದು. ಅಮೆರಿಕದ ಈಸ್ಟ್ ಎಂಬ ಆಘಾತ ಶಸ್ತ್ರಚಿಕಿತ್ಸಕರ ಸಂಘ 2018ರ ಮಾರ್ಗಸೂಚಿಯಲ್ಲಿ, ಎಡಗಡೆ ಎದೆ ಮತ್ತು ಹೊಟ್ಟೆಯ ಸಂಧಿಗೆ ಇರಿತವಾಗಿ ಸ್ಥಿರವಾಗಿರುವವರಿಗೆ ಸಿಟಿಗಿಂತ ಲ್ಯಾಪರೊಸ್ಕೋಪಿಯೇ ಮೇಲು ಎಂದಿದೆ. ಕೆಲವರು ಎದೆಯ ಕಡೆಯಿಂದ ಕ್ಯಾಮೆರಾ ಹಾಕುವ ಥೊರಕೊಸ್ಕೋಪಿ ಮಾಡುತ್ತಾರೆ. ಎದೆಯಲ್ಲಿ ಉಳಿದ ರಕ್ತವನ್ನೂ ತೆಗೆಯಬೇಕಿದ್ದರೆ ಅದು ಅನುಕೂಲ, ಆದರೆ ಕರುಳಿಗೆ ತೂತಾಗಿದೆಯೇ ಎಂದು ಅಲ್ಲಿಂದ ನೋಡಲಾಗದು. ಲ್ಯಾಪರೊಸ್ಕೋಪಿಯನ್ನು ಒಡನೆಯೇ ಮಾಡಬೇಕೆಂದಿಲ್ಲ. ಹಲವು ಕಡೆ ಎಂಟರಿಂದ ಇಪ್ಪತ್ತನಾಲ್ಕು ಗಂಟೆ ಗಮನಿಸಿ, ಕರುಳಿನ ಗಾಯದ ಲಕ್ಷಣಗಳಿದ್ದರೆ ಅವು ಹೊರಬರಲಿ ಎಂದು ಕಾದು, ಆಮೇಲೆ ಮಾಡುತ್ತಾರೆ. ಮನೆಯವರು ಈ ಕಾಯುವಿಕೆಯನ್ನು ನಿರ್ಲಕ್ಷ್ಯವೆಂದು ತಿಳಿಯುವುದುಂಟು. ಅದು ಲೆಕ್ಕ ಹಾಕಿದ ಕಾಯುವಿಕೆ.

ಒಂದು ಎಚ್ಚರಿಕೆ ಮಾತ್ರ ಬೇಕು. ಲ್ಯಾಪರೊಸ್ಕೋಪಿಗೆ ಹೊಟ್ಟೆಯೊಳಗೆ ಕಾರ್ಬನ್ ಡೈಆಕ್ಸೈಡ್ ತುಂಬುತ್ತಾರೆ. ವಪೆ ತೂತಾಗಿದ್ದರೆ ಆ ಅನಿಲ ಎದೆಗೂಡಿಗೆ ನುಗ್ಗಿ ಶ್ವಾಸಕೋಶವನ್ನು ಅದುಮಬಹುದು. ಇದನ್ನು ಮೊದಲೇ ಎಣಿಸಿ, ಎದೆಗೆ ನಳಿಕೆ ಹಾಕಲು ಸಿದ್ಧರಿರುವ ಅರಿವಳಿಕೆ ತಜ್ಞರಿರುವ ಕಡೆಯಲ್ಲೇ ಅದು ನಡೆಯಬೇಕು.

ಎಂಆರ್‌ಐ ತುರ್ತಿನ ಪರೀಕ್ಷೆಯಲ್ಲ. ವಾರಗಳು, ತಿಂಗಳುಗಳ ನಂತರವೂ ಅನುಮಾನ ಉಳಿದಾಗ ಮಾಡಬಹುದು. ಮೈಯಲ್ಲಿ ಕೋವಿಯ ಚರೆಗಳು ಉಳಿದಿದ್ದರೆ ತಪ್ಪದೆ ಹೇಳಿ, ಉಕ್ಕಿನ ಚೂರುಗಳಿದ್ದವರನ್ನು ಆ ಕಾಂತದೊಳಗೆ ಮಲಗಿಸುವುದು ಅಪಾಯ.

ಎಲ್ಲಿಗೆ, ಯಾವ ಸ್ಥಿತಿಯಲ್ಲಿ ಸಾಗಿಸಬೇಕು

ರೈಲು ಮಾರ್ಗವಿಲ್ಲದ ಜಿಲ್ಲೆ ನಮ್ಮದು. ಮಡಿಕೇರಿಯಿಂದ ಮೈಸೂರಿಗೆ ಸುಮಾರು 120 ಕಿಲೋಮೀಟರ್, ಮಂಗಳೂರಿಗೆ ಅದಕ್ಕಿಂತ ಸ್ವಲ್ಪ ಹೆಚ್ಚು ದೂರ, ಅದರಲ್ಲಿ ಸಂಪಾಜೆ ಘಾಟಿ. 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದು ಆ ದಾರಿಯೇ ಮುಚ್ಚಿಹೋಗಿತ್ತು. ಮಳೆಗಾಲದಲ್ಲಿ ಮಂಗಳೂರು, ಮೈಸೂರುಗಳ ನಡುವಿನ ಆಯ್ಕೆಯನ್ನು ಎಷ್ಟೋ ಸಲ ರಸ್ತೆಯೇ ಮಾಡಿಬಿಡುತ್ತದೆ. ವಿರಾಜಪೇಟೆ, ಪೊನ್ನಂಪೇಟೆ ಕಡೆಯವರಿಗೆ ತಿತಿಮತಿ, ಹುಣಸೂರಿನ ಮೂಲಕ ಮೈಸೂರು ಹತ್ತಿರ. ಕುಶಾಲನಗರದವರಂತೂ ಮಡಿಕೇರಿಯ ಕಡೆ ಹತ್ತುವುದೋ ಮೈಸೂರಿನ ಕಡೆ ಇಳಿಯುವುದೋ ಎಂಬ ಗೊಂದಲದಲ್ಲಿ ಸಮಯ ಕಳೆಯುತ್ತಾರೆ.

ನನ್ನ ಸಲಹೆ ಇದು. ಗಾಯಾಳು ಬೆವರುತ್ತಿದ್ದರೆ, ನಾಡಿ ಓಡುತ್ತಿದ್ದರೆ, ಹೊಟ್ಟೆ ಉಬ್ಬಿ ಬಿಗಿದಿದ್ದರೆ ದೂರದ ದೊಡ್ಡ ಹೆಸರಿನ ಹಿಂದೆ ಓಡಬೇಡಿ. ಶಸ್ತ್ರಚಿಕಿತ್ಸಕ, ಅರಿವಳಿಕೆ ತಜ್ಞ ಮತ್ತು ರಕ್ತ, ಈ ಮೂರೂ ಇರುವ ಅತಿ ಹತ್ತಿರದ ಆಸ್ಪತ್ರೆಗೆ ಹೋಗಿ. ಆ ಹೊತ್ತಿನಲ್ಲಿ ಜೀವ ತೆಗೆಯುವುದು ಗುಲ್ಮ, ಯಕೃತ್ತುಗಳಿಂದ ಸುರಿಯುವ ರಕ್ತ, ವಪೆಯ ಹರುಕಲ್ಲ. ಹೊಟ್ಟೆ ತೆರೆದ ಶಸ್ತ್ರಚಿಕಿತ್ಸಕರು ರಕ್ತ ನಿಲ್ಲಿಸಿ, ಅದೇ ಕೈಯಲ್ಲಿ ವಪೆಯ ಎರಡೂ ಬದಿಗಳನ್ನು ತಡವಿ ನೋಡಿ ಹೊಲಿಯುತ್ತಾರೆ. ಮಡಿಕೇರಿಯಲ್ಲಿ ಕೊಡಗು ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯ ಬೋಧಕ ಆಸ್ಪತ್ರೆ ಇರುವಾಗ ಅಸ್ಥಿರ ಗಾಯಾಳುವನ್ನು ಎರಡೂವರೆ ಮೂರು ಗಂಟೆ ಆಂಬುಲೆನ್ಸ್‌ನಲ್ಲಿ ಇಡುವುದಕ್ಕೆ ಬಲವಾದ ಕಾರಣ ಬೇಕು. ಸ್ಥಿರವಾಗಿರುವವರ ಮಾತು ಬೇರೆ. ಸಿಟಿಯಲ್ಲಿ ಹರುಕು ಕಂಡು ಉಳಿದೆಲ್ಲ ನೆಟ್ಟಗಿದ್ದರೆ, ಲ್ಯಾಪರೊಸ್ಕೋಪಿಯಲ್ಲೂ ಎದೆಯ ಶಸ್ತ್ರಚಿಕಿತ್ಸೆಯಲ್ಲೂ ಪಳಗಿದವರಿರುವ ಕಡೆಗೆ ಮೊದಲೇ ಫೋನ್ ಮಾಡಿ ಹೋಗುವುದೇ ಸರಿ.

ಸಾಗಿಸುವ ಮೊದಲು ರೈಲ್ಸ್ ಟ್ಯೂಬ್ ಹಾಕಿದ್ದಾರೆಯೇ ಎಂದು ಕೇಳಿ. ಎದೆಗೆ ಏರಿದ ಜಠರದಲ್ಲಿ ಗಾಳಿ ತುಂಬುತ್ತ ಹೋದರೆ ಅದು ಶ್ವಾಸಕೋಶವನ್ನೂ ಹೃದಯವನ್ನೂ ಪಕ್ಕಕ್ಕೆ ತಳ್ಳುತ್ತದೆ. ಟ್ಯೂಬಿನಿಂದ ಗಾಳಿ ಹೊರಬಂದರೆ ಉಸಿರಾಟ ಸುಲಭವಾಗುತ್ತದೆ. ಈ ಸ್ಥಿತಿ ಎಕ್ಸ್‌ರೇಯಲ್ಲಿ ಎದೆಗೂಡಿನಲ್ಲಿ ಗಾಳಿ ತುಂಬಿದ ನ್ಯುಮೋಥೊರಾಕ್ಸ್‌ನಂತೆಯೇ ಕಾಣಬಹುದು. ಹಾಗೆಂದು ಭಾವಿಸಿ ಸೂಜಿ ಚುಚ್ಚಿದರೆ ಜಠರವೇ ತೂತಾಗುತ್ತದೆ. ಎದೆಗೆ ನಳಿಕೆ ಹಾಕುವ ಮೊದಲು ಬೆರಳು ತೂರಿಸಿ ಒಳಗೆ ಸವರಿ ನೋಡಬೇಕು ಎಂಬ ಹಳೆಯ ನಿಯಮ ಇರುವುದು ಇದಕ್ಕಾಗಿಯೇ. ಕಿರಿಯ ವೈದ್ಯರು ಇದನ್ನು ಓದುತ್ತಿದ್ದರೆ, ತರಾತುರಿಯಲ್ಲಿ ಬಿಟ್ಟುಬಿಡುವ ಹೆಜ್ಜೆ ಇದೇ ಎಂದು ನೆನಪಿಸುತ್ತೇನೆ.

ಇನ್ನೊಂದು ಮಾತು ಗಾಯಾಳುವಿನ ಸುತ್ತ ನೆರೆಯುವವರಿಗೆ. ಬಿದ್ದವರಿಗೆ ನೀರು, ಬಿಸಿ ಕಾಫಿ, ಚಳಿಗೆಂದು ಒಂದು ಗುಟುಕು ಬ್ರಾಂಡಿ, ಯಾವುದನ್ನೂ ಕುಡಿಸಬೇಡಿ. 108ಕ್ಕೆ ಕರೆ ಮಾಡಿ.

ಕಾಯುವುದೋ, ಹೊಲಿಯುವುದೋ

ಎಡಗಡೆಯ ಹರುಕು ಖಚಿತವಾದರೆ ಚರ್ಚೆಗೆ ಹೆಚ್ಚು ಜಾಗವಿಲ್ಲ, ಹೊಲಿಯಬೇಕು. ನೋವು ಕಡಿಮೆಯಾಯಿತಲ್ಲ, ಕೊಯ್ಲು ಮುಗಿಯಲಿ, ಆಮೇಲೆ ನೋಡೋಣ ಎಂಬುದು ಅಪಾಯದ ಲೆಕ್ಕಾಚಾರ. ಮೊದಲ ದಿನಗಳಲ್ಲಿ ಅಂಚುಗಳು ಮೃದುವಾಗಿದ್ದು ಹತ್ತಿರಕ್ಕೆ ಬರುತ್ತವೆ. ತಿಂಗಳುಗಳ ನಂತರ ಸ್ನಾಯು ಕುಗ್ಗಿ, ಅಂಗಗಳು ಅಂಟಿಕೊಂಡು ಅದೇ ಕೆಲಸ ಎರಡು ಪಟ್ಟು ಕಷ್ಟವಾಗುತ್ತದೆ.

ಕಾಯಬಹುದಾದ ಒಂದು ಗುಂಪು ಬಲಗಡೆಯ ಸಣ್ಣ ಚೂಪು ಗಾಯದವರದು. ಯಕೃತ್ತು ತೂತನ್ನು ಮುಚ್ಚಿರುತ್ತದೆ, ಕರುಳು ಅಲ್ಲಿಗೆ ತಲುಪುವುದು ಅಪರೂಪ. ಸ್ಥಿರವಾಗಿರುವ, ಹೊಟ್ಟೆಯಲ್ಲಿ ಸೋಂಕಿನ ಲಕ್ಷಣಗಳಿಲ್ಲದ ಇಂಥವರಿಗೆ ಶಸ್ತ್ರಚಿಕಿತ್ಸೆ ಬೇಡ ಎಂದೇ ಈಸ್ಟ್ ಮಾರ್ಗಸೂಚಿ ಹೇಳುತ್ತದೆ. ಬಲಗಡೆಯೇ ಆದರೂ ಮೊಂಡು ಏಟಿನ ದೊಡ್ಡ ಹರುಕಿಗೆ ಈ ರಿಯಾಯಿತಿ ಇಲ್ಲ, ಅದರಲ್ಲಿ ಯಕೃತ್ತೇ ಮೇಲೇರಿಬಿಡುತ್ತದೆ. ಗುಂಡು ಹೊಟ್ಟೆಯನ್ನು ಹಾದುಹೋಗಿದ್ದರೂ ಸಾಮಾನ್ಯವಾಗಿ ಹೊಟ್ಟೆ ತೆರೆದೇ ನೋಡಬೇಕಾಗುತ್ತದೆ.

ಗಾಯದ ತೀವ್ರತೆಗೆ ಐದು ದರ್ಜೆಗಳಿವೆ. ಬರೀ ಜಜ್ಜಿದ್ದು ಒಂದನೆಯದು, 2 ಸೆಂಟಿಮೀಟರ್‌ವರೆಗಿನ ಹರುಕು ಎರಡನೆಯದು, 2ರಿಂದ 10ರವರೆಗೆ ಮೂರನೆಯದು, 10ಕ್ಕಿಂತ ಉದ್ದವಾದರೆ ನಾಲ್ಕನೆಯದು, 25 ಚದರ ಸೆಂಟಿಮೀಟರಿಗಿಂತ ಹೆಚ್ಚು ಸ್ನಾಯುವೇ ಕಳೆದುಹೋಗಿದ್ದರೆ ಐದನೆಯದು. ಡಿಸ್ಚಾರ್ಜ್ ಪತ್ರದಲ್ಲಿ ಈ ದರ್ಜೆ ನಮೂದಾಗಿದ್ದರೆ ಮುಂದೆ ನೋಡುವ ವೈದ್ಯರಿಗೆ ಬಹಳ ಸಹಾಯ.

ಹೊಟ್ಟೆಯ ಕಡೆಯಿಂದಲೋ, ಎದೆಯ ಕಡೆಯಿಂದಲೋ

ಹೊಸ ಗಾಯಕ್ಕೆ ಹೊಟ್ಟೆಯ ದಾರಿ. ವಪೆ ಹರಿದವರಲ್ಲಿ ಬಹಳಷ್ಟು ಮಂದಿಗೆ ಹೊಟ್ಟೆಯ ಇನ್ನೊಂದು ಅಂಗಕ್ಕೂ ಪೆಟ್ಟಾಗಿರುತ್ತದೆ, ಎದೆಯ ಕಡೆಯಿಂದ ಹೋದರೆ ಅದನ್ನು ನೋಡಲಾಗದು. ಎದೆಯೊಳಗೆ ರಕ್ತಸ್ರಾವ ನಿಲ್ಲದಿದ್ದರೆ ಮಾತ್ರ ಎದೆಯನ್ನು ತೆರೆಯುವ ಮಾತು ಮೊದಲಿಗೆ ಬರುತ್ತದೆ. ವರ್ಷಗಳ ಹಿಂದಿನ ಹರುಕಿಗೆ ಎದೆಯ ದಾರಿಯನ್ನು ಆರಿಸಿಕೊಳ್ಳುವವರು ಹೆಚ್ಚು, ಏಕೆಂದರೆ ಮೇಲೇರಿದ ಕರುಳು ಶ್ವಾಸಕೋಶಕ್ಕೆ ಅಂಟಿರುತ್ತದೆ, ಅದನ್ನು ಬಿಡಿಸುವ ಕೆಲಸ ಎದೆಯ ಕಡೆಯಿಂದ ಸಲೀಸು. ಆದರೆ ಕರುಳು ಕೊಳೆತಿರುವ ಶಂಕೆಯಿದ್ದರೆ ಹೊಟ್ಟೆಯ ಕಡೆಯಿಂದಲೇ ಹೋಗುವುದು ಕ್ಷೇಮ. ಹಳೆಯ ಹರುಕಿನ ವಿಷಯದಲ್ಲಿ ಇದೇ ಮೇಲು ಎಂದು ಮಾರ್ಗಸೂಚಿಗಳೂ ಪಟ್ಟು ಹಿಡಿದಿಲ್ಲ. ಶಸ್ತ್ರಚಿಕಿತ್ಸಕರಿಗೆ ಯಾವುದು ಕೈಗೆ ಹತ್ತಿದೆಯೋ ಅದಕ್ಕೆ ಅಲ್ಲಿ ತೂಕ ಹೆಚ್ಚು. 'ಡಾಕ್ಟರೇ, ನೀವು ಯಾವ ದಾರಿಯಲ್ಲಿ ಹೆಚ್ಚು ಮಾಡಿದ್ದೀರಿ?' ಎಂದು ವಿನಯದಿಂದ ಕೇಳಿದರೆ ಒಳ್ಳೆಯ ವೈದ್ಯರು ಬೇಸರಿಸುವುದಿಲ್ಲ.

ದೊಡ್ಡ ಗಾಯ ಮಾಡಿ ತೆರೆಯುವುದೋ, ತೂತುಗಳ ಮೂಲಕ ಲ್ಯಾಪರೊಸ್ಕೋಪಿಯಲ್ಲಿ ಹೊಲಿಯುವುದೋ? ರಕ್ತದೊತ್ತಡ ಕುಸಿದಿದ್ದರೆ, ಹಲವು ಅಂಗಗಳಿಗೆ ಪೆಟ್ಟಾಗಿದ್ದರೆ ತೆರೆಯುವುದೇ. ಚೂಪು ಗಾಯದ ಸಣ್ಣ ತೂತು, ಬೇರೆ ಅಂಗ ನೆಟ್ಟಗಿದೆ ಎಂದಾದರೆ ಲ್ಯಾಪರೊಸ್ಕೋಪಿ. ನೋವು ಕಡಿಮೆ, ಬೇಗ ಎದ್ದು ಓಡಾಡಬಹುದು, ಆಳವಾಗಿ ಉಸಿರಾಡಬಹುದು. ಶ್ವಾಸಕೋಶದಲ್ಲಿ ಕಫ ನಿಂತು ನ್ಯುಮೋನಿಯಾ ಆಗುವುದನ್ನು ತಪ್ಪಿಸಲು ಈ ಆಳವಾದ ಉಸಿರೇ ಬೇಕಾದದ್ದು. ಲ್ಯಾಪರೊಸ್ಕೋಪಿಯಲ್ಲಿ ಆರಂಭಿಸಿ ನಡುವೆ ತೆರೆಯಬೇಕಾಗಿ ಬಂದರೆ ಅದನ್ನು ಸೋಲು ಎಂದು ಎಣಿಸಬಾರದು, ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವಾಗಲೇ ಎರಡಕ್ಕೂ ಸಿದ್ಧರಿರಿ.

ಹೊಲಿಗೆಗೆ ಕರಗದ ದಪ್ಪ ದಾರ ಬೇಕು, ಪಾಲಿಪ್ರೊಪಿಲೀನ್‌ನಂಥದ್ದು. ಬಿಡಿಬಿಡಿಯಾಗಿ ಹಾಕುವುದೋ ಒಂದೇ ಎಳೆಯಲ್ಲಿ ಓಡಿಸುವುದೋ ಎಂಬುದು ಶಸ್ತ್ರಚಿಕಿತ್ಸಕರ ರೂಢಿ, ಅದರ ಬಗ್ಗೆ ಮನೆಯವರು ತಲೆ ಕೆಡಿಸಿಕೊಳ್ಳಬೇಕಿಲ್ಲ. ಹೊಸ ಗಾಯದಲ್ಲಿ ಮೆಶ್ ಬಲೆ ಬೇಕಾಗುವುದು ಕಡಿಮೆ, ಅಂಚುಗಳು ಎಳೆದರೆ ಸೇರುತ್ತವೆ. ಸ್ನಾಯು ಕಳೆದುಹೋಗಿದ್ದರೆ ಅಥವಾ ಹಳೆಯ ಹರುಕು ಕುಗ್ಗಿದ್ದರೆ ಬಲೆ ಬೇಕಾಗುತ್ತದೆ. ಕರುಳು ತೂತಾಗಿ ಹೊಲಸು ಹರಡಿದ್ದಾಗ ಮಾತ್ರ ಕೃತಕ ಬಲೆಯನ್ನು ಹಾಕುವುದಿಲ್ಲ, ಸೋಂಕು ಹಿಡಿದರೆ ಅದನ್ನು ತೆಗೆಯುವುದೇ ಇನ್ನೊಂದು ಆಪರೇಷನ್. ಅಂಥ ಹೊಲಸು ಹರುಕಿನ ಮೂಲಕ ಎದೆಗೂ ಹೋಗಿರುತ್ತದೆ. ಹೊಲಿಯುವ ಮೊದಲು ಎದೆಗೂಡನ್ನು ಚೆನ್ನಾಗಿ ತೊಳೆದು ನಳಿಕೆ ಇಡದಿದ್ದರೆ ಅಲ್ಲಿ ಕೀವು ತುಂಬುತ್ತದೆ.

ಖರ್ಚಿನ ಮಾತು. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆಗೆ ಅವಕಾಶವಿದೆ. ರಸ್ತೆ ಅಪಘಾತವಾದರೆ ಕೇಂದ್ರದ 2025ರ ನಗದುರಹಿತ ಯೋಜನೆಯಡಿ ಮೊದಲ ಏಳು ದಿನಗಳಿಗೆ 1.5 ಲಕ್ಷದವರೆಗೆ ಸಿಗುತ್ತದೆ. ಏಣಿಯಿಂದ ಬಿದ್ದದ್ದು ರಸ್ತೆ ಅಪಘಾತವಲ್ಲ, ಅದಕ್ಕೆ ಮೊದಲನೆಯದೇ ದಾರಿ.

ವರ್ಷಗಳ ನಂತರ ಕಾಣಿಸಿಕೊಂಡರೆ

ಹೆಚ್ಚು ದಾರಿ ತಪ್ಪಿಸುವುದು ಈ ಹಂತ. ಹಿಂದೆಂದೋ ಬಿದ್ದವರಿಗೆ ಊಟವಾದ ಮೇಲೆ ಎಡ ಪಕ್ಕೆಯಡಿ ಹಿಡಿದುಕೊಳ್ಳುತ್ತದೆ, ಎಡ ಭುಜಕ್ಕೆ ನೋವು ಹರಿಯುತ್ತದೆ, ಮಲಗಿದರೆ ಉಸಿರು ಕಟ್ಟಿದಂತಾಗುತ್ತದೆ. ಹುತ್ತರಿಯ ದಿನ ಹೊಟ್ಟೆ ತುಂಬ ಉಂಡ ರಾತ್ರಿ ಅದು ಜೋರಾಗುತ್ತದೆ. 'ಗ್ಯಾಸ್ಟ್ರಿಕ್' ಎಂಬ ಒಂದೇ ಹೆಸರಿನಲ್ಲಿ ನಾವು ಇದೆಲ್ಲವನ್ನೂ ಮುಚ್ಚಿಬಿಡುತ್ತೇವೆ, ಮೆಡಿಕಲ್ ಅಂಗಡಿಯ ಮಾತ್ರೆಯಲ್ಲಿ ವರ್ಷಗಳು ಕಳೆಯುತ್ತವೆ. ಇಂಥವರ ಎದೆಗೆ ಸ್ಟೆತೊಸ್ಕೋಪ್ ಇಟ್ಟಾಗ ಕರುಳಿನ ಗುಡುಗುಡು ಕೇಳಿಸಿದರೆ ಉತ್ತರ ಅಲ್ಲಿಯೇ ಇದೆ. ಒಮ್ಮೆಲೇ ತಡೆಯಲಾಗದ ನೋವು, ನಿಲ್ಲದ ವಾಂತಿ, ಉಸಿರಿನ ಕಷ್ಟ ಮೂರೂ ಸೇರಿ ಬಂದರೆ ಕರುಳು ಸಿಕ್ಕಿಕೊಂಡಿದೆ ಎಂದೇ ಭಾವಿಸಿ ಹೊರಡಿ. ಅದು ಗಂಟೆಗಳ ಲೆಕ್ಕದ ವಿಷಯ. ಗರ್ಭಿಣಿಯರಲ್ಲಿ ಹೊಟ್ಟೆಯ ಒತ್ತಡ ಏರುವುದರಿಂದ ಹಳೆಯ ಹರುಕು ಆಗ ಬಾಯಿ ಬಿಡುವುದುಂಟು. ಹಿಂದೆ ಅಪಘಾತವಾಗಿದ್ದ ಹೆಣ್ಣುಮಕ್ಕಳು ಪ್ರಸೂತಿ ವೈದ್ಯರಿಗೆ ಅದನ್ನು ಹೇಳಬೇಕು, ಅವರು ಕೇಳದಿದ್ದರೂ.

ಕರುಳು ಸಿಕ್ಕಿಕೊಂಡಿಲ್ಲದ ಹಳೆಯ ಹರುಕಿಗೆ ಪರೀಕ್ಷೆಯೆಂದರೆ ಸಿಟಿ. ಇಲ್ಲಿ ಅದು ತಪ್ಪುವುದು ಕಡಿಮೆ, ಏಕೆಂದರೆ ಅಷ್ಟರಲ್ಲಿ ಅಂಗಗಳು ಮೇಲೇರಿ ಕುಳಿತಿರುತ್ತವೆ. ಆಪರೇಷನ್ನಿಗೆ ದಿನ ಗೊತ್ತುಮಾಡಿ, ರಕ್ತಹೀನತೆ, ಸಕ್ಕರೆ ಕಾಯಿಲೆ ಸರಿಪಡಿಸಿಕೊಂಡು, ಬೀಡಿ ಬಿಟ್ಟು ಹೋಗಬಹುದು.

ಹೊಲಿಸಿಕೊಂಡವರು ಆಸ್ಪತ್ರೆಯಲ್ಲಿ ಕಲಿಸಿದ ಉಸಿರಾಟದ ವ್ಯಾಯಾಮವನ್ನು ಮನೆಯಲ್ಲೂ ಮುಂದುವರಿಸಬೇಕು. ಕಾಫಿ ಮೂಟೆ ಹೊರುವುದು, ಏಣಿ ಹತ್ತುವುದು, ಔಷಧಿ ಸಿಂಪಡಿಸುವ ಕ್ಯಾನು ಬೆನ್ನಿಗೇರಿಸುವುದು ಶಸ್ತ್ರಚಿಕಿತ್ಸಕರು ಒಪ್ಪುವವರೆಗೆ ಬೇಡ. ಮರುಭೇಟಿಯಲ್ಲಿ ಒಂದು ಎಕ್ಸ್‌ರೇ ತೆಗೆಸಿ ಹಳೆಯದರೊಂದಿಗೆ ಹೋಲಿಸಿ ನೋಡಲು ಕೇಳಿ. ಫಿಲಂಗಳು ಲೈನ್ ಮನೆಯ ಗೋಡೆಯ ತೇವಕ್ಕೆ ಒಂದೇ ಮಳೆಗಾಲದಲ್ಲಿ ಬೂಷ್ಟು ಹಿಡಿಯುತ್ತವೆ. ಸಿಟಿಯ ಸಿಡಿಯನ್ನೂ ಡಿಸ್ಚಾರ್ಜ್ ಪತ್ರವನ್ನೂ ಪ್ಲಾಸ್ಟಿಕ್ ಚೀಲದಲ್ಲಿಟ್ಟು, ಮೊಬೈಲಿನಲ್ಲಿ ಫೋಟೋ ತೆಗೆದು ಇನ್ನೊಬ್ಬರಿಗೂ ಕಳುಹಿಸಿಡಿ. ಅಸ್ಸಾಮಿನಿಂದ ಬಂದು ಕೊಯ್ಲು ಮುಗಿಸಿ ಹಿಂದಿರುಗುವ ಕಾರ್ಮಿಕರಿಗಾದರೆ ಪತ್ರದ ಒಂದು ಪ್ರತಿಯನ್ನು ಅವರ ಕೈಗೆ ಕೊಟ್ಟು, ಅದರಲ್ಲಿ ಏನಿದೆ ಎಂಬುದನ್ನು ಅವರ ಭಾಷೆ ಬಲ್ಲವರಿಂದ ಹೇಳಿಸುವ ಹೊಣೆ ತೋಟದವರದು.